ಬಿಡದೆ ಕಾಡುವ ತಲೆನೋವು

ಕೇಳುಗರಿಗೆ ನಮಸ್ಕಾರ. ಗಂಡನ ಹೊಡೆತ, ಬೈಗುಳ, ಬೆದರಿಕೆ ಹೆಂಗಸಿನ ಮೈಯಲ್ಲಿ ಕಾಯಿಲೆಯಾಗಿ ಕೂತುಬಿಡುತ್ತದೆ. ಹಾಗಾಗಿ ನಾನು ಹೇಳುವುದು ಒಂದೇ ಮಾತು: ಆಕೆ ಒಬ್ಬರೇ ಇರುವಾಗ ಕೇಳಿ. ನರ್ಸಮ್ಮಂದಿರೇ, ಅಕ್ಕತಂಗಿಯರೇ, ಗೆಳತಿಯರೇ, ನಿಮಗೇ ಹೇಳುತ್ತಿದ್ದೇನೆ.

ನನ್ನ ಹತ್ತಿರ ಒಬ್ಬರು ತಲೆನೋವು ಅಂತ ಬರುತ್ತಿದ್ದರು. ಜೊತೆಗೆ ಹೊಟ್ಟೆನೋವು, ರಾತ್ರಿ ನಿದ್ದೆ ಇಲ್ಲ. ಬಿ.ಪಿ. ನೋಡಿದೆ. ರಕ್ತ ಪರೀಕ್ಷೆ ಆಯ್ತು, ಸ್ಕ್ಯಾನ್ ಆಯ್ತು. ಎಲ್ಲವೂ ನಾರ್ಮಲ್. ಗಂಡ ಪ್ರತಿ ಸಲವೂ ಜೊತೆಗೇ ಬರುತ್ತಿದ್ದ. ಮೆಲುದನಿ, ಬಹಳ ಮರ್ಯಾದೆ. "ನೋವು ಯಾವಾಗಿಂದ ಅಮ್ಮಾ?" ಅಂತ ಆಕೆಯನ್ನು ಕೇಳಿದರೆ ಉತ್ತರ ಆತನದು. "ನಿದ್ದೆ ಎಷ್ಟು ಹೊತ್ತು?" ಅದಕ್ಕೂ ಆತನೇ. ಎಂಥ ಕಾಳಜಿಯ ಮನುಷ್ಯ ಅಂತ ನಾನು ಮೆಚ್ಚಿಕೊಂಡಿದ್ದೆ, ನೋಡಿ!

ನಾಲ್ಕನೇ ಸಲ ಬಂದಾಗ ನಮ್ಮ ನರ್ಸಮ್ಮ, ತೂಕ ನೋಡಬೇಕು ಅಂತ ಆಕೆಯನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ತೂಕದ ಯಂತ್ರ ಇದ್ದದ್ದು ನನ್ನ ಮೇಜಿನ ಪಕ್ಕದಲ್ಲಿ. ಗಂಡನಿಗೂ ಹೊಳೆಯಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಹೊಳೆಯಲಿಲ್ಲ. ಒಳಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮನೇಲಿ ಯಾರಾದ್ರೂ ಹೊಡೀತಾರಾ?" ಆಕೆ ಬಾಯಿ ಬಿಡಲಿಲ್ಲ. ಸುಮ್ನೆ ಕೂದಲು ಸರಿಸಿ ಕಿವಿಯ ಹಿಂದೆ ತೋರಿಸಿದರು. ಮಾಗಿದ ಗಾಯದ ಮೇಲೆ ಹಸಿ ಗಾಯ. ಮೂರು ಸಲ ಮಾತ್ರೆ ಬರೆದು ಕಳಿಸಿದವನು ನಾನು.

ತಲೆಗೆ ಪೆಟ್ಟು ಬಿದ್ದರೆ ತಲೆ ನೋಯುತ್ತದೆ, ಸರಿ. ಆದರೆ ಹೊಡೆತ ಬೀಳದ ದಿನವೂ ಹೆದರಿಕೆ ಇದ್ದೇ ಇರುತ್ತದಲ್ವಾ? ಬಾಗಿಲ ಸದ್ದಿಗೇ ಎದೆ ಹೊಡೆದುಕೊಳ್ಳುತ್ತದೆ, ಕತ್ತು ಭುಜ ಬಿಗಿಯುತ್ತವೆ, ಹೊಟ್ಟೆ ಕೆಡುತ್ತದೆ. ಇಂಥ ಮನೆಯ ಹೆಂಗಸರಲ್ಲಿ ಖಿನ್ನತೆ ಹೆಚ್ಚುಕಡಿಮೆ ಎರಡು ಪಟ್ಟು ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಬಸುರಿಯಾಗಿದ್ದರೆ ಮಗುವಿನ ತೂಕವೂ ಕಡಿಮೆಯಾಗಬಹುದು. ಎಲ್ಲೋ ಒಬ್ಬರ ಕಥೆ ಅಂದುಕೊಳ್ಳಬೇಡಿ. ಅದೇ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕದಲ್ಲಿ, ಗಂಡ ಅಥವಾ ಸಂಗಾತಿಯಿಂದ ಹೊಡೆತವನ್ನೋ ಲೈಂಗಿಕ ಹಿಂಸೆಯನ್ನೋ ಕಂಡವರು, ಜಗತ್ತಿನಲ್ಲಿ ಮದುವೆಯಾದ ಅಥವಾ ಸಂಗಾತಿ ಇದ್ದ ನಾಲ್ವರು ಹೆಂಗಸರಲ್ಲಿ ಒಬ್ಬರಿಗಿಂತ ಜಾಸ್ತಿ.

ಒಬ್ಬರೇ ಇರುವಾಗ ಕೇಳಿ, ಮಕ್ಕಳ ಮುಂದೆಯೂ ಬೇಡ. ಹೇಳಿದ್ದನ್ನು ನಂಬಿ. "ನೀನೇನು ಮಾಡಿದ್ದೆ?" ಅನ್ನಬೇಡಿ, ದಯವಿಟ್ಟು! "ಈಗಲೇ ಬಿಟ್ಟು ಬಾ" ಅಂತ ಒತ್ತಾಯವೂ ಬೇಡ. ಮನೆ ಬಿಡುವ ಹೊತ್ತಿನಲ್ಲೇ ಅಪಾಯ ಜಾಸ್ತಿ. ಎಲ್ಲಿಗೆ, ಯಾರ ಜೊತೆ ಅಂತ ಆಕೆಯೇ ಮೊದಲು ಯೋಚಿಸಲಿ, ನೀವು ಜೊತೆಗಿರಿ.

ಕೊನೆಗೆ, ಕತ್ತು ಹಿಸುಕಿದ್ದಾನೆ ಅಂದರೆ ಮಾತ್ರ ತಡ ಮಾಡಲೇಬೇಡಿ. ಹೊರಗೆ ಗುರುತೇ ಇಲ್ಲದಿರಬಹುದು. ಒಳಗೆ ರಕ್ತನಾಳ ಹರಿದಿದ್ದರೆ ಕೆಲವು ದಿನ ಕಳೆದ ಮೇಲೂ ಲಕ್ವ ಹೊಡೆಯಬಹುದು. ದನಿ ಗೊಗ್ಗರಾಗಲಿ ಬಿಡಲಿ, ನುಂಗಲು ಕಷ್ಟವಿರಲಿ ಇಲ್ಲದಿರಲಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲೂ ಗಂಡ ಬಾಗಿಲಾಚೆಗೇ ಇರಲಿ. ನಮಸ್ಕಾರ.