ಹೀಟ್: ಬಿಸಿಯಿಂದ ಸಿಟ್ಟಿನವರೆಗೆ

ಸ್ನೇಹಿತರೇ, ಫೋನ್ ಹೀಟ್ ಆಗಿದೆ, ಇಂಜಿನ್ ಹೀಟ್ ಆಗಿದೆ, ಮೈ ಹೀಟ್ ಆಗಿದೆ ಎಂದು ಕನ್ನಡದಲ್ಲಿ ಸಲೀಸಾಗಿ ಹೇಳುತ್ತೇವೆ. ಇಂಗ್ಲಿಷಿಗೆ ಹೊರಳಿದಾಗ ಎಡವುವುದೂ ಇಲ್ಲೇ. 'ದಿ ಫೋನ್ ಈಸ್ ಹೀಟ್' ಎಂದರೆ ತಪ್ಪು. ಹೀಟ್ ನಾಮಪದವಾಗುತ್ತದೆ, ಕ್ರಿಯಾಪದವಾಗುತ್ತದೆ, ಗುಣವಾಚಕವಾಗುವುದಿಲ್ಲ. ಆ ಕೆಲಸಕ್ಕೆ 'ಹಾಟ್' ಇದೆ. ಬಿಸಿಯಾಗುತ್ತಾ ಹೋಗುತ್ತಿದೆ ಎನ್ನಬೇಕಾದರೆ 'ಈಸ್ ಹೀಟಿಂಗ್ ಅಪ್'. ಉಚ್ಚಾರದಲ್ಲಿ 'ಈ' ದೀರ್ಘವಾಗಿಯೇ ಇರಲಿ. ಹ್ರಸ್ವವಾದರೆ 'ಹಿಟ್' ಆಗಿ, ಬಿಸಿಯ ಬದಲು ಹೊಡೆತ ಬೀಳುತ್ತದೆ.

ಹಾಟ್, ಹೀಟ್ ಎರಡೂ ಹಳೆಯ ಇಂಗ್ಲಿಷಿನ ಒಂದೇ ಬೇರಿನ ಚಿಗುರುಗಳು. ಈ ಕ್ರಿಯಾಪದಕ್ಕೆ 'ಹೆಟ್' ಎಂಬ ಹಳೆಯ ಕೃದಂತ ರೂಪವಿತ್ತು. ಬಿಸಿಯ ಅರ್ಥದಲ್ಲಿ ಆ ಜಾಗವನ್ನು ಈಗ 'ಹೀಟೆಡ್' ಹಿಡಿದಿದೆ. ಆದರೆ 'ಹೆಟ್ ಅಪ್' ಎಂಬ ಆಡುಮಾತಿನಲ್ಲಿ ಹಳೆಯ ರೂಪ ಉಳಿದುಕೊಂಡಿದೆ, ಅದೂ ಸಿಟ್ಟಿಗೆದ್ದ, ಉದ್ವಿಗ್ನನಾದ ಎಂಬ ಅರ್ಥದಲ್ಲಿ. ನೀರು ಕಾಯಿಸಿದ್ದಕ್ಕೆ ಯಾರೂ ಹಾಗೆ ಹೇಳುವುದಿಲ್ಲ.

ಭೌತಶಾಸ್ತ್ರದಲ್ಲಿ ಹೀಟ್ ಎಂದರೆ ತಾಪಮಾನವಲ್ಲ. ಹೆಚ್ಚು ಬಿಸಿಯಾದ ವಸ್ತುವಿನಿಂದ ಕಡಿಮೆ ಬಿಸಿಯಾದದ್ದಕ್ಕೆ ಹರಿಯುವ ಶಕ್ತಿ ಅದು; ಅಳತೆ ಜೂಲ್‌ನಲ್ಲಿ. 0 ಡಿಗ್ರಿ ಸೆಲ್ಸಿಯಸ್‌ನ 1 ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 334 ಜೂಲ್ ಬೇಕು. ಅಷ್ಟು ಶಾಖ ಒಳಗೆ ಹೋದರೂ, ಕರಗಿ ಮುಗಿಯುವವರೆಗೆ ತಾಪಮಾನ 0 ಬಿಟ್ಟು ಕದಲುವುದಿಲ್ಲ. ಹಾಗಾಗಿ ಹವಾಮಾನದ ಅಂಕಿಯನ್ನು 'ಹೀಟ್ ಈಸ್ 35 ಡಿಗ್ರೀಸ್' ಎಂದು ಬರೆಯಬೇಡಿ. ಅಲ್ಲಿ 'ಟೆಂಪರೇಚರ್' ಬರಬೇಕು.

ಇನ್ನು ಸಿಟ್ಟು. ಆಂಗರ್ ಮನುಷ್ಯನದು, ಹೀಟ್ ಹೆಚ್ಚಾಗಿ ಸಂದರ್ಭದ್ದು. 'ಇನ್ ದಿ ಹೀಟ್ ಆಫ್' ಎಂದ ಮೇಲೆ ಏನು ಬರುತ್ತದೆ ನೋಡಿ: ಮೊಮೆಂಟ್, ಆರ್ಗ್ಯುಮೆಂಟ್, ಬ್ಯಾಟಲ್. ಆ ಗಳಿಗೆಯ ಆವೇಶ, ವಾದದ ಭರ, ಕದನದ ಕಾವು. ಬಾಯಿತಪ್ಪಿ ಆಡಿದ ಮಾತಿಗೆ ಕ್ಷಮೆ ಕೇಳುವವರು ಇದನ್ನು ಬಳಸುವುದು ಸುಮ್ಮನೆ ಅಲ್ಲ: ಸಿಟ್ಟು ನನ್ನ ಸ್ವಭಾವವಲ್ಲ, ಆ ಹೊತ್ತಿನದು ಎಂಬ ಸಮಜಾಯಿಷಿ ಪದದೊಳಗೇ ಅಡಗಿದೆ. ಅವನ ಮೇಲೆ ಸಿಟ್ಟಿದೆ ಎನ್ನಲು 'ಐ ಹ್ಯಾವ್ ಹೀಟ್ ಆನ್ ಹಿಮ್' ಎಂದರೆ ಆಗದು, 'ಐ ಆಮ್ ಆಂಗ್ರಿ ವಿತ್ ಹಿಮ್' ಎನ್ನಬೇಕು. ಮುಂಗೋಪಿಗೆ 'ಹಾಟ್-ಟೆಂಪರ್ಡ್' ಸರಿ.

'ಶಿ ರಿಪ್ಲೈಡ್ ವಿತ್ ಸಮ್ ಹೀಟ್' ಎಂಬ ವಾಕ್ಯವನ್ನು 'ಅವಳು ಕಿರುಚಿದಳು' ಎಂದು ಅನುವಾದಿಸಿದರೆ ಅತಿಯಾಯಿತು. ದನಿಯಲ್ಲಿ ಕಾವಿತ್ತು, ಅಷ್ಟೇ. 'ವಿದೌಟ್ ಹೀಟ್' ಎಂದರೆ ಉದ್ವೇಗವಿಲ್ಲದೆ, ತಣ್ಣಗೆ. 'ಹೀಟೆಡ್ ಡಿಬೇಟ್'ಗೆ ಕಾವೇರಿದ ಚರ್ಚೆ ಎಂಬುದು ಹೇಳಿ ಮಾಡಿಸಿದ ಜೋಡಿ. 'ಟರ್ನ್ ಅಪ್ ದಿ ಹೀಟ್' ಎಂಬುದು ಒತ್ತಡ ಹೆಚ್ಚಿಸುವ ಮಾತು. ನಮ್ಮ 'ಬಿಸಿ ಮುಟ್ಟಿಸು' ಅದಕ್ಕೆ ತೀರಾ ಹತ್ತಿರದ್ದು, ಸ್ವಲ್ಪ ಹೆಚ್ಚೇ ಖಾರ.

ಅಕ್ಕರೆಯ ಬಿಸುಪು ಮಾತ್ರ ಈ ಪದದಲ್ಲಿ ಇಲ್ಲ. ಅದು 'ವಾರ್ಮ್ತ್'ನ ಪಾಲು: ಆತ್ಮೀಯ ಸ್ವಾಗತ 'ವಾರ್ಮ್ ವೆಲ್ಕಮ್' ಆಗುತ್ತದೆ, 'ಹೀಟೆಡ್ ವೆಲ್ಕಮ್' ಎಂದರೆ ಬಾಗಿಲಲ್ಲೇ ಜಗಳ ನಡೆದಂತೆ ಕೇಳುತ್ತದೆ.

ಶಾಖ, ಸಿಟ್ಟು ಎಂಬ ಅರ್ಥಗಳಲ್ಲಿ ಹೀಟ್‌ಗೆ ಬಹುವಚನವಿಲ್ಲ. 'ಹೀಟ್ಸ್' ಎಂದು ಕಂಡರೆ ಅದು ಸಾಮಾನ್ಯವಾಗಿ ಓಟ, ಈಜಿನ ಪ್ರಾಥಮಿಕ ಸುತ್ತುಗಳು; 'ಡೆಡ್ ಹೀಟ್' ಎಂದರೆ ಇಬ್ಬರು ಒಟ್ಟಿಗೇ ಗುರಿ ಮುಟ್ಟಿದ್ದು. ಇನ್ನೊಂದು ಎಚ್ಚರಿಕೆ: ಸೆಕೆಯಾಗುತ್ತಿದೆ ಎನ್ನಲು 'ಐ ಆಮ್ ಇನ್ ಹೀಟ್' ಎನ್ನಬೇಡಿ. ಅಮೆರಿಕದಲ್ಲಿ 'ಇನ್ ಹೀಟ್', ಬ್ರಿಟನ್ನಿನಲ್ಲಿ 'ಆನ್ ಹೀಟ್' ಎಂಬುದು ಬೆದೆಗೆ ಬಂದ ಪ್ರಾಣಿಗೆ ಹೇಳುವ ಮಾತು. 'ಐ ಆಮ್ ಫೀಲಿಂಗ್ ಹಾಟ್' ಎಂದರೆ ಸಾಕು.