ಕೆಂಪಯ್ಯನವರೂ ರಹಮಾನರೂ ನಮ್ಮವರೇ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಕುಂಬಳೆಯ ಹೆಸರು ಕ್ರಿಕೆಟ್ಟಿನ ಹಾಲ್ ಆಫ್ ಫೇಮ್‌ನಲ್ಲಿ, ಎಂದರೆ ಕೀರ್ತಿಶಾಲೆಯಲ್ಲಿ, ಉಂಟು. 2015ರಲ್ಲಿ ಐಸಿಸಿ ಅನಿಲ್ ಕುಂಬ್ಳೆಯವರನ್ನು ಆ ಪಟ್ಟಿಗೆ ಸೇರಿಸಿತು. ಅವರು ಹುಟ್ಟಿದ್ದು, ಬೆಳೆದದ್ದು, ಆಡಿದ್ದು ಬೆಂಗಳೂರಿನಲ್ಲಿ. ಆದರೇನು, ಮನೆತನದ ಬೇರು ಇಲ್ಲಿಯದ್ದು. ಹಾಗಾಗಿ ಮಂಜೇಶ್ವರದಿಂದ ಕಾಸರಗೋಡಿನವರೆಗೆ ಯಾರನ್ನು ಕೇಳಿದರೂ ‘ನಮ್ಮ ಕುಂಬ್ಳೆ’ ಎನ್ನುತ್ತಾರೆ. ಎನ್ನಲಿ, ಸಂತೋಷವೇ.

ವಿಚಿತ್ರವೇನೆಂದರೆ ಈ ಜಿಲ್ಲೆಯ ನಿಜವಾದ ಹುಚ್ಚು ಕ್ರಿಕೆಟ್ ಅಲ್ಲ, ಫುಟ್‌ಬಾಲ್. ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಸೆವೆನ್ಸ್ ಪಂದ್ಯಾಟ ಶುರು. ಒಂದು ಕಡೆಗೆ ಏಳೇ ಜನ. ಕಂಬಕ್ಕೆ ಕಟ್ಟಿದ ಲೈಟು, ಹಲಗೆ ಹೊಡೆದು ನಿಲ್ಲಿಸಿದ ಗ್ಯಾಲರಿ, ಕಡಲೆ ಮಾರುವವನ ತಗಡಿನ ಸದ್ದು, ಮೈಕ್ ಹಿಡಿದವನು ಉಸಿರು ಬಿಡದೆ ಮಲಯಾಳದಲ್ಲಿ ಹೇಳುವ ಆಟದ ವಿವರ. ನಡುವೆ ‘ಕೆಎಲ್ ಹದಿನಾಲ್ಕು ನಂಬರಿನ ಕಾರು ದಾರಿಗೆ ಅಡ್ಡ ನಿಂತಿದೆ, ದಯವಿಟ್ಟು ತೆಗೆಯಿರಿ’ ಎಂಬ ಪ್ರಕಟಣೆಯೂ ಅದೇ ಉಸಿರಿನಲ್ಲಿ ಬರುತ್ತದೆ. ವಿಶ್ವಕಪ್ ಬಂದರಂತೂ ಉಪ್ಪಳದಿಂದ ತೃಕ್ಕರಿಪುರದವರೆಗೆ ಹೆದ್ದಾರಿಯ ಎರಡೂ ಬದಿಗೆ ಅರ್ಜೆಂಟೀನಾ, ಬ್ರೆಜಿಲ್ ಬಾವುಟಗಳು. ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಆಟದ ಮಾಸ್ತರನಾಗಿದ್ದವನು. ಮಕ್ಕಳನ್ನು ಕೇಳಿದರೆ ಅರ್ಜೆಂಟೀನಾದ ಹನ್ನೊಂದು ಮಂದಿಯ ಹೆಸರು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದರು. ಭಾರತದವರನ್ನು ಹೇಳಿ ಎಂದರೆ ಸುನಿಲ್ ಛೆಟ್ರಿ, ಬೈಚುಂಗ್ ಭುಟಿಯಾ. ಅಲ್ಲಿಗೆ ಬಂಡಿ ನಿಲ್ಲುತ್ತಿತ್ತು. ತಪ್ಪು ಮಕ್ಕಳದ್ದಲ್ಲ. ಹೇಳಿಕೊಟ್ಟವರು ಯಾರು?

ಆದ್ದರಿಂದ ಇವತ್ತು, ನಮ್ಮ ಫುಟ್‌ಬಾಲಿಗೊಂದು ಕೀರ್ತಿಶಾಲೆ ಕಟ್ಟುವುದಾದರೆ ಅದರ ಗೋಡೆಯಲ್ಲಿ ಯಾರ ಚಿತ್ರ ಇರಬೇಕು ಎಂಬ ಬಗ್ಗೆ ನನ್ನ ವಾದವನ್ನು ನಿಮ್ಮ ಮುಂದಿಡುತ್ತೇನೆ. ಪಟ್ಟಿ ನನ್ನದು, ಪಕ್ಷಪಾತವೂ ನನ್ನದೇ.

1948ರ ಜುಲೈ 31. ಲಂಡನ್ ಒಲಿಂಪಿಕ್ಸ್. ಇಲ್‌ಫರ್ಡ್ ಎಂಬಲ್ಲಿ ಭಾರತಕ್ಕೂ ಫ್ರಾನ್ಸಿಗೂ ಪಂದ್ಯ. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ, ಕೆಲವರು ಪಾದಕ್ಕೆ ಪಟ್ಟಿ ಸುತ್ತಿಕೊಂಡು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ಸಾರಂಗಪಾಣಿ ರಾಮನ್ ಅದನ್ನು ಸರಿಗಟ್ಟಿದರು. ಸ್ವತಂತ್ರ ಭಾರತ ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಹೊಡೆದ ಮೊದಲ ಗೋಲು ಅದು. ನಮಗೆ ಸಿಕ್ಕಿದ್ದ ಎರಡು ಪೆನಾಲ್ಟಿಗಳೂ ಹಾಳಾದವು. ಆಟ ಮುಗಿಯಲು ಒಂದೆರಡು ನಿಮಿಷ ಇರುವಾಗ ಫ್ರಾನ್ಸ್ ಮತ್ತೊಂದು ಹೊಡೆದು 2-1ರಿಂದ ಗೆದ್ದಿತು. ಈ ಕಥೆ ಬರೆದವರೆಲ್ಲ ಬರಿಗಾಲಿನ ವಿಷಯವನ್ನು ಉದ್ದಕ್ಕೆ ಬರೆಯುತ್ತಾರೆ, ಪೆನಾಲ್ಟಿ ಹಾಳು ಮಾಡಿದವರ ಹೆಸರನ್ನೂ ಬರೆಯುತ್ತಾರೆ. ಗೋಲು ಹೊಡೆದ ರಾಮನ್ ಯಾರು, ಎಲ್ಲಿಯವರು ಎಂದು ಹೇಳುವಷ್ಟರಲ್ಲಿ ಅವರ ಶಾಯಿ ಮುಗಿದಿರುತ್ತದೆ. ರಾಮನ್ ಮೈಸೂರು ಸಂಸ್ಥಾನದ ಆಟಗಾರ, ಬೆಂಗಳೂರಿನವರು.

ಅವರೊಬ್ಬರೇ ಅಲ್ಲ. ಆ ದಿನ ಗೋಲಿನ ಮುಂದೆ ನಿಂತಿದ್ದ ಕೆಂಚಪ್ಪ ವರದರಾಜ್ ಮೈಸೂರಿನವರು. ತಂಡದಲ್ಲಿದ್ದ ಬಷೀರ್, ಧನರಾಜ್, ಅಹ್ಮದ್ ಖಾನ್ ಕೂಡ ಬೆಂಗಳೂರಿನ ಮೈದಾನಗಳಲ್ಲಿ ಪಳಗಿದವರು. ಇದೇನೂ ಆಕಸ್ಮಿಕವಲ್ಲ. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ, ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಎತ್ತಿತ್ತು. ಮತ್ತೊಬ್ಬ ಗೋಲಿಯೂ ಆ ಲಂಡನ್ ತಂಡದಲ್ಲಿದ್ದರು, ಸಂಜೀವ ಉಚ್ಚಿಲ್. ಮುಂಬಯಿಯ ಮೂಲಕ ತಂಡಕ್ಕೆ ಬಂದವರು. ಆದರೆ ಆ ಹೆಸರು ಕಿವಿಗೆ ಬಿದ್ದರೆ ತಲಪಾಡಿ ದಾಟಿ ಉಚ್ಚಿಲದ ಹಾದಿಯಲ್ಲಿ ಹೋಗಿಬರುವ ನಮಗೆ ಕಿವಿ ನೆಟ್ಟಗಾಗದೆ ಇರುತ್ತದೆಯೇ?

ಅಹ್ಮದ್ ಖಾನರ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಚೆಂಡು ಅವರ ಕಾಲಿಗೆ ಸಿಕ್ಕಿದರೆ ಬಿಡಿಸಿಕೊಳ್ಳುವುದು ಕಷ್ಟ. ಅದಕ್ಕೇ ಅವರಿಗೆ ‘ಹಾವಾಡಿಗ’ ಎಂಬ ಅಡ್ಡಹೆಸರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಐವರು ಮುಂಪಡೆ ಆಟಗಾರರನ್ನು ಅಲ್ಲಿಯ ಜನ ಪಂಚಪಾಂಡವರು ಎಂದು ಕರೆಯುತ್ತಿದ್ದರು. 1949ರಿಂದ 1951ರವರೆಗೆ ಕೋಲ್ಕತ್ತದ ಹಳೆಯ ಪಂದ್ಯಾವಳಿಯಾದ ಐಎಫ್‌ಎ ಶೀಲ್ಡನ್ನು ಸಾಲಾಗಿ ಮೂರು ಬಾರಿ ಗೆದ್ದ ತಂಡ ಅದು. ಐವರಲ್ಲಿ ಅಹ್ಮದ್ ಖಾನ್, ಧನರಾಜ್ ಬೆಂಗಳೂರಿನವರು, ಸಾಲೆಯವರು ಕೇರಳದವರು, ಅಪ್ಪಾರಾವ್ ಆಂಧ್ರದವರು, ಐದನೆಯವರು ವೆಂಕಟೇಶ್. ಬಂಗಾಳಿ ಒಬ್ಬರೂ ಇಲ್ಲ! 1952ರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ ನಮಗೆ ಹತ್ತು ಗೋಲು ಬಾರಿಸಿತಲ್ಲ, ಆ ದಿನ ನಮ್ಮ ಮಾನ ಉಳಿಸಿದ ಒಂದೇ ಒಂದು ಗೋಲು ಅಹ್ಮದ್ ಖಾನರದ್ದು. 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಜಾಗಕ್ಕೆ ಬಂದೆ. 1956.

ಆ ವರ್ಷ ನವೆಂಬರ್ 1 ನಮಗೆ ಯಾವ ದಿನ ಎಂದು ಕಾಸರಗೋಡಿನ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆ ಇದ್ದಲ್ಲೇ ಇತ್ತು, ಗಡಿ ಮಾತ್ರ ಉತ್ತರಕ್ಕೆ ಸರಿಯಿತು. ಸರಿಯಾಗಿ ಒಂದು ತಿಂಗಳು ಕಳೆದು, ಡಿಸೆಂಬರ್ 1ರಂದು, ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತ ತಂಡ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನ ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ದೇಶ ನಮ್ಮದು. ಸೆಮಿಫೈನಲ್‌ನಲ್ಲಿ ಯುಗೋಸ್ಲಾವಿಯಾದ ಎದುರು, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾದ ಎದುರು ಸೋತು ನಾಲ್ಕನೇ ಸ್ಥಾನಕ್ಕೆ ನಿಂತೆವು. ಅಂಥ ಎತ್ತರಕ್ಕೆ ಆಮೇಲೆ ಮತ್ತೆ ಹತ್ತಲಿಲ್ಲ.

ಆ ತಂಡದ ಹೆಸರುಗಳನ್ನು ಓದುತ್ತಾ ಹೋಗಿ. ಎಂ. ಕೆಂಪಯ್ಯ, ಬೆಂಗಳೂರು. ಟಿ. ಎ. ರಹಮಾನ್, ಕೋಳಿಕ್ಕೋಡು. ಒಬ್ಬರು ಹಾಫ್ ಬ್ಯಾಕ್, ಇನ್ನೊಬ್ಬರು ಡಿಫೆಂಡರ್. ಊರಿನಲ್ಲಿ ನಾವು ‘ಅತ್ತ ಕನ್ನಡ, ಇತ್ತ ಮಲಯಾಳ’ ಎಂದು ಸಭೆ ಮಾಡುತ್ತಿದ್ದ ದಿನಗಳಲ್ಲಿ ಕನ್ನಡ ನಾಡಿನ ಕೆಂಪಯ್ಯನವರೂ ಮಲಬಾರಿನ ರಹಮಾನರೂ ಒಂದೇ ಜರ್ಸಿ ತೊಟ್ಟು ಒಂದೇ ಗೋಲನ್ನು ಕಾಯುವ ತಂಡದಲ್ಲಿದ್ದರು. ಇದನ್ನು ಐಕ್ಯದ ಭಾಷಣಕ್ಕಾಗಿ ಹೇಳುತ್ತಿಲ್ಲ. ನಮಗೊಂದು ಲಾಭ ಉಂಟು ಎಂದು ಹೇಳುತ್ತಿದ್ದೇನೆ: ಗಡಿಯಲ್ಲಿರುವವರು ಇಬ್ಬರನ್ನೂ ನಮ್ಮವರು ಎನ್ನಬಹುದು. ಬೆಂಗಳೂರಿನವರಿಗೂ ಕೋಳಿಕ್ಕೋಡಿನವರಿಗೂ ಆ ಭಾಗ್ಯ ಇಲ್ಲ.

ಕೋಳಿಕ್ಕೋಡಿನವರು ತಮ್ಮವರನ್ನು ಬಿಟ್ಟುಕೊಡಲಿಲ್ಲ ಎನ್ನಬೇಕು. ಅಲ್ಲಿ ಅವರು ಇಂದಿಗೂ ‘ಒಲಿಂಪಿಯನ್ ರಹಮಾನ್’. ಬರಿ ರಹಮಾನ್ ಎಂದು ಯಾರೂ ಹೇಳುವುದಿಲ್ಲ. ಕೆಂಪಯ್ಯನವರು 1956ರ ನಂತರ 1960ರ ರೋಮ್ ಒಲಿಂಪಿಕ್ಸಿಗೂ ಹೋದವರು, ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಪರ ಆಡಿದವರು. ಎರಡು ಒಲಿಂಪಿಕ್ಸ್! ಆದರೆ ಕರ್ನಾಟಕದಲ್ಲಿ ‘ಒಲಿಂಪಿಯನ್ ಕೆಂಪಯ್ಯ’ ಎಂದರೆ ‘ಯಾವ ಕೆಂಪಯ್ಯ?’ ಎಂದು ಕೇಳುವವರೇ ಹೆಚ್ಚು.

ಇದಕ್ಕೆ ಆಟದ ಒಳಗೇ ಒಂದು ಕಾರಣ ಇದೆ. ಹಾಫ್ ಬ್ಯಾಕ್ ಆಡುವವನ ಕೆಲಸ ಎದುರಾಳಿಯ ಪಾಸನ್ನು ನಡುವೆ ಕತ್ತರಿಸುವುದು, ಕತ್ತರಿಸಿದ ಚೆಂಡನ್ನು ತಡ ಮಾಡದೆ ಮುಂದಿನವನ ಕಾಲಿಗೆ ಕೊಡುವುದು, ಮತ್ತೆ ಓಡಿ ಹಿಂದಕ್ಕೆ ಬರುವುದು. ಚೆಂಡು ಬರುವ ಮೊದಲೇ ಅದು ಬರುವ ಜಾಗಕ್ಕೆ ಹೋಗಿ ನಿಂತಿರುತ್ತಾನೆ. ನೋಡುವವರಿಗೆ ಅವನು ಸುಮ್ಮನೆ ನಿಂತ ಹಾಗೆ ಕಾಣುತ್ತದೆ. ಯಕ್ಷಗಾನದ ಮದ್ದಲೆಗಾರನ ಹಾಗೆ. ಪೆಟ್ಟು ತಪ್ಪಿದರೆ ಮಾತ್ರ ಸಭೆಗೆ ಅವನ ನೆನಪಾಗುವುದು. ಗೋಲು ಹೊಡೆದವನ ಹೆಸರು ಮರುದಿನದ ಪೇಪರಿನಲ್ಲಿ ಬರುತ್ತದೆ. ಹದಿನೈದು ಗಜ ಹಿಂದೆ ಚೆಂಡು ಕಿತ್ತುಕೊಟ್ಟವನ ಹೆಸರು ಬರುವುದಿಲ್ಲ. ಟಿವಿ ಇಲ್ಲದ ಕಾಲ ಬೇರೆ. ಪೇಪರಿನಲ್ಲಿ ಬಾರದ್ದು ಎಲ್ಲಿಯೂ ಉಳಿಯಲಿಲ್ಲ.

ಹಾಗಾದರೆ ಗೋಲು ಹೊಡೆದವರಿಗೆಲ್ಲ ನ್ಯಾಯ ಸಿಕ್ಕಿತೇ? ಅದೂ ಇಲ್ಲ. ತುಳಸೀದಾಸ್ ಬಲರಾಮ್ ಅವರನ್ನು ನೋಡಿ. ಸಿಕಂದರಾಬಾದಿನ ಹತ್ತಿರದ ಅಮ್ಮುಗೂಡ ಎಂಬ ಹಳ್ಳಿಯ ಬಡ ಹುಡುಗ. ಹೈದರಾಬಾದಿನ ಮೈದಾನಕ್ಕೆ ಬರಲು ದುಡ್ಡಿಲ್ಲದಿದ್ದಾಗ ಕೋಚ್ ರಹೀಂ ಸಾಹೇಬರು ಸೈಕಲ್ ಬಾಡಿಗೆಗೆ ಹಣ ಕೊಟ್ಟು ಕರೆಸಿಕೊಂಡರು. ರೋಮ್ ಒಲಿಂಪಿಕ್ಸಿನಲ್ಲಿ ಹಂಗೇರಿಯ ಮೇಲೂ ಪೆರುವಿನ ಮೇಲೂ ಗೋಲು ಹೊಡೆದವರು ಬಲರಾಮ್. ಆ ಹಂಗೇರಿ ಕಂಚು ಗೆದ್ದ ತಂಡ. ನಾವು ಅವರ ಎದುರು ಸೋತದ್ದು 2-1ರಿಂದ ಮಾತ್ರ. 1962ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸಿನಲ್ಲಿ ದಕ್ಷಿಣ ಕೊರಿಯಾವನ್ನು ಸೋಲಿಸಿ ಚಿನ್ನ ಗೆದ್ದಾಗ ಚುನಿ ಗೋಸ್ವಾಮಿ, ಪಿ. ಕೆ. ಬ್ಯಾನರ್ಜಿ, ಬಲರಾಮ್ ಈ ಮೂವರದ್ದೇ ಮಾತು. ಮರುವರ್ಷವೇ ಶ್ವಾಸಕೋಶದ ಕಾಯಿಲೆಯಿಂದ ಬಲರಾಮ್ ಆಟ ಬಿಡಬೇಕಾಯಿತು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ.

ಚುನಿ ಗೋಸ್ವಾಮಿಯವರಿಗೆ 1983ರಲ್ಲಿ ಪದ್ಮಶ್ರೀ ಬಂತು. ಪಿ. ಕೆ.ಯವರಿಗೆ 1990ರಲ್ಲಿ ಬಂತು. ಅವರಿಗಿಂತ ಮೊದಲು ಗೋಷ್ಠ ಪಾಲ್, ಶೈಲೇನ್ ಮನ್ನಾ ಇಬ್ಬರಿಗೂ ಬಂದಿತ್ತು. ಎಲ್ಲರೂ ದೊಡ್ಡವರೇ, ಒಬ್ಬರದ್ದನ್ನೂ ಕಿತ್ತುಕೊಳ್ಳಬೇಕು ಎಂದು ನಾನು ಹೇಳುವುದಿಲ್ಲ. ಬಲರಾಮ್‌ಗೆ ಮಾತ್ರ ಬರಲಿಲ್ಲ. 1962ರ ಅರ್ಜುನ ಪ್ರಶಸ್ತಿಯೊಂದೇ ಗತಿ. 2023ರ ಫೆಬ್ರವರಿಯಲ್ಲಿ 86ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಹೋಗುವವರೆಗೆ ಅರವತ್ತು ವರ್ಷ ಸಮಯ ಇತ್ತು, ಮಾರಾಯ್ರೆ. ಕೇರಳದ ಐ. ಎಂ. ವಿಜಯನ್ ಅವರಿಗೆ 2025ರಲ್ಲಿ ಪದ್ಮಶ್ರೀ ಕೊಟ್ಟಾಗ ನಮ್ಮ ಕಡೆ ಪಟಾಕಿ ಹೊಡೆಯುವಷ್ಟು ಖುಷಿ ಆಯಿತು. ಕಣ್ಣೆದುರಿಗಿರುವಾಗ ಕೊಟ್ಟರಲ್ಲ, ಅದಕ್ಕೆ.

ಮೊದಲು ಪದ್ಮಶ್ರೀ ಪಡೆದ ಆ ನಾಲ್ವರೂ ಬಂಗಾಳಿಗಳೆಂದು ಕೋಲ್ಕತ್ತದ ಮೇಲೆ ಎಲ್ಲ ಗೂಬೆ ಕೂರಿಸುವುದೂ ಸರಿಯಲ್ಲ. ಅಹ್ಮದ್ ಖಾನ್, ಕೆಂಪಯ್ಯ, ರಹಮಾನ್, ಬಲರಾಮ್ ಎಲ್ಲರನ್ನೂ ಕರೆದು ಆಡಿಸಿ ಮೆರೆಸಿದ್ದು ಕೋಲ್ಕತ್ತದ ಕ್ಲಬ್ಬುಗಳೇ. ಅಲ್ಲಿಯ ಹಳೆಯ ಅಭಿಮಾನಿಗಳಿಗೆ ಇವರ ಹೆಸರು ಇನ್ನೂ ಬಾಯಿಪಾಠ. ಮರೆತವರು ತವರಿನವರು. ಊರು ಬಿಟ್ಟು ಹೋದವನು ಹೊರಗಿನವನಾದ, ಹೋದಲ್ಲಿಯೂ ಹೊರಗಿನವನಾಗಿಯೇ ಉಳಿದ. 1962ರ ಚಿನ್ನದ ತಂಡದಲ್ಲಿಯೂ ನಮ್ಮ ಎರಡು ಕಡೆಯವರು ಇದ್ದರು: ಬೆಂಗಳೂರಿನ ಅರುಮೈನಾಯಗಂ, ಇರಿಂಜಾಲಕ್ಕುಡದ ಒ. ಚಂದ್ರಶೇಖರನ್. ಈ ಎರಡು ಹೆಸರನ್ನು ಒಟ್ಟಿಗೆ ಹೇಳಿದ ಒಂದು ಸಮಾರಂಭವನ್ನು ನಾನು ನೋಡಿಲ್ಲ.

ನಂತರದ ಕಾಲದವರಲ್ಲಿ ಬೆಂಗಳೂರಿನ ಕಾರ್ಲ್ಟನ್ ಚಾಪ್‌ಮನ್ ನನ್ನ ಪಟ್ಟಿಗೆ ಬೇಕೇ ಬೇಕು. 1993ರಲ್ಲಿ ಇರಾಕಿನ ಅಲ್ ಜವ್ರಾ ತಂಡದ ಎದುರು ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಾಗ ಹ್ಯಾಟ್ರಿಕ್ ಹೊಡೆದವರು. 2020ರಲ್ಲಿ, 49 ವರ್ಷಕ್ಕೇ ಹೋಗಿಬಿಟ್ಟರು.

ಇನ್ನು ನಮ್ಮ ಜಿಲ್ಲೆಯೊಳಗೆ ಬರೋಣ. ತೃಕ್ಕರಿಪುರ ಎಂದರೆ ಫುಟ್‌ಬಾಲಿಗೆ ಹೆಸರಾದ ಊರು. ಮುಹಮ್ಮದ್ ರಾಫಿಯವರ ಹೆಸರು ಹೊಸಬರಿಗೂ ಗೊತ್ತು. 2016ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ, ಕೊಚ್ಚಿಯಲ್ಲಿ, ಕೇರಳ ಬ್ಲಾಸ್ಟರ್ಸ್ ಪರ ತಲೆಯಿಂದ ಹೊಡೆದ ಗೋಲನ್ನು ಟಿವಿಯಲ್ಲಿ ನೋಡಿದವರು ಮರೆತಿರಲಾರರು. ಅದೇ ಊರಿನ ಎಂ. ಸುರೇಶ್ ಹೆಸರು ಎಷ್ಟು ಜನರಿಗೆ ಗೊತ್ತು? ಭಾರತ ತಂಡಕ್ಕೆ ಆಡಿದ ಡಿಫೆಂಡರ್. 2003ರ ಜುಲೈಯಲ್ಲಿ ಈಸ್ಟ್ ಬೆಂಗಾಲ್ ಜಕಾರ್ತಕ್ಕೆ ಹೋಗಿ, ಥಾಯ್ಲೆಂಡಿನ ಬಿಇಸಿ ಟೆರೊ ಸಾಸನವನ್ನು ಫೈನಲ್‌ನಲ್ಲಿ 3-1ರಿಂದ ಸೋಲಿಸಿ ಆಸಿಯಾನ್ ಕ್ಲಬ್ ಕಪ್ ತಂದಿತಲ್ಲ, ಸುರೇಶ್ ಆ ತಂಡದಲ್ಲಿದ್ದವರು. ನೋಡಿ, ಇಲ್ಲಿಯೂ ಅದೇ ಕಥೆ. ಒಂದೇ ಊರಿನ ಇಬ್ಬರು. ಗೋಲು ಹೊಡೆದವರ ಹೆಸರು ನಿಂತಿತು, ತಡೆದವರದ್ದು ಜಾರಿತು.

ಅವರಿಗಿಂತಲೂ ಕೆಳಗೆ ಇನ್ನೊಂದು ಸಾಲು ಇದೆ. ಬರಿ ಸೆವೆನ್ಸ್ ಆಡಿಯೇ ಕಾಲ ಕಳೆದವರು. ಸೆವೆನ್ಸಿಗೆ ಅಧಿಕೃತ ದಾಖಲೆ ಇಲ್ಲ. ಸ್ಕೋರು ಬೋರ್ಡಿನ ಸೀಮೆಸುಣ್ಣ ಅಳಿಸಿದರೆ ಅಲ್ಲಿಗೆ ಮುಗಿಯಿತು. ಇಂಥವರನ್ನು ಯಾವ ದಿಲ್ಲಿಯ ಸಮಿತಿಯೂ ಹುಡುಕಿಕೊಂಡು ಬರಲಾರದು. ಹಳೆಯ ನೋಟೀಸುಗಳು, ತಂಡದ ಗ್ರೂಪ್ ಫೋಟೋಗಳು ಕ್ಲಬ್ಬಿನ ಕಪಾಟಿನಲ್ಲಿ ಗೆದ್ದಲು ಹಿಡಿಯುವ ಮೊದಲು ಫೋಟೋದ ಹಿಂದೆ ನಿಂತವರ, ಕುಳಿತವರ ಹೆಸರನ್ನಾದರೂ ಪೆನ್ಸಿಲಿನಲ್ಲಿ ಬರೆದಿಡಿ. ನಿಂತವರು ಎಡದಿಂದ ಬಲಕ್ಕೆ ಎಂದು ಶುರು ಮಾಡಿದರೆ ಸಾಕು. ಗುರುತಿಸಬಲ್ಲ ಹಿರಿಯರು ಇನ್ನೂ ಪೇಟೆಯ ಹೋಟೆಲುಗಳಲ್ಲಿ ಚಹಾ ಕುಡಿಯುತ್ತಾ ಸಿಗುತ್ತಾರೆ.

ಕಡೆಗೆ ಒಂದು ಬೇಡಿಕೆ. ನಮ್ಮಲ್ಲಿ ಪಂದ್ಯಾಟ ಅಂದರೆ ವಿನ್ನರ್ಸ್ ಟ್ರೋಫಿಗೆ ಒಬ್ಬರ ಹೆಸರು, ರನ್ನರ್ಸ್ ಟ್ರೋಫಿಗೆ ಇನ್ನೊಬ್ಬರದ್ದು. ಹೆಚ್ಚಾಗಿ ದುಡ್ಡು ಕೊಟ್ಟವರ ತಂದೆಯದ್ದೋ ಅಜ್ಜನದ್ದೋ. ಅದು ಇರಲಿ, ದುಡ್ಡಿಲ್ಲದೆ ಲೈಟು ಉರಿಯುವುದಿಲ್ಲ. ಆದರೆ ಪಂದ್ಯಾಟದ ಶ್ರೇಷ್ಠ ಡಿಫೆಂಡರ್‌ಗೆ ಒಂದು ಚಿಕ್ಕ ಕಪ್ ಕೊಡುವ ಪದ್ಧತಿಯೂ ಉಂಟಲ್ಲ? ಈ ಸೀಸನಿನಲ್ಲಿ ಮಂಜೇಶ್ವರ, ಕುಂಬಳೆ, ಮೊಗ್ರಾಲ್ ಕಡೆಯ ಯಾವುದಾದರೂ ಒಂದು ಕ್ಲಬ್ಬು ಅದಕ್ಕೆ ಕೆಂಪಯ್ಯ-ರಹಮಾನ್ ಕಪ್ ಎಂದು ಹೆಸರಿಡಲಿ. ನೋಟೀಸಿನಲ್ಲಿ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಅಚ್ಚು ಹಾಕಿಸಲಿ, ಕೆಳಗೆ ‘ಮೆಲ್ಬೋರ್ನ್ 1956’ ಎಂದಿರಲಿ. ಮೈಕಿನವನು ಅದು ಯಾರು ಎಂದು ಕೇಳಿಯೇ ಕೇಳುತ್ತಾನೆ. ಹೇಳಿಕೊಡಲು ನಾನು ಬರುತ್ತೇನೆ.

ನಮಸ್ಕಾರ.