ಹತ್ತನೆಯ ತರಗತಿಯವರೆಗೆ ಕಾಯಬೇಡಿ

ಕೇಳುಗರಿಗೆ ನಮಸ್ಕಾರ.

ರಬಕವಿ-ಬನಹಟ್ಟಿ ಭಾಗದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು ನಾನು. ವರ್ಷಾ ವರ್ಷಾ ಜನವರಿ ಬಂತೆಂದರೆ ಯಾರಾದರೊಬ್ಬ ತಾಯಿ ಬಂದು ಕೇಳುತ್ತಾರೆ: "ಬಾಯಿಲೆ ಕೇಳ್ರಿ ಟೀಚರ್, ಎಲ್ಲಾ ಹೇಳ್ತಾನ. ಬರಿ ಅಂದ್ರ ಬರಂಗಿಲ್ಲ. ಪರೀಕ್ಷಾಕ್ಕ ಏನರ ಮಾಡಾಕ ಬರ್ತೈತೇನ್ರಿ?" ಮಾಡಲು ಬರುತ್ತದೆ. ಇದು ಕಲಿಕಾ ನ್ಯೂನತೆಯಾಗಿದ್ದರೆ ಪರೀಕ್ಷೆಯಲ್ಲಿ ಸೌಲಭ್ಯ ಕಾನೂನಿನಲ್ಲೇ ಇದೆ. ಆದರೆ ಆ ಕೆಲಸ ಮೂರನೆಯ ತರಗತಿಯಲ್ಲೇ ಶುರುವಾಗಬೇಕಿತ್ತು. ಎಸ್ಸೆಸ್ಸೆಲ್ಸಿಗೆ ಎರಡು ತಿಂಗಳಿರುವಾಗ ಓಡಾಡಿದರೆ ಮಗುವಿಗೂ ಸುಸ್ತು, ನಿಮಗೂ ಸುಸ್ತು.

ಮೊದಲು ಮಗುವಿನ ನೋಟ್‌ಬುಕ್ ತೆರೆದು ನೋಡಿ. "ಬಸವಣ್ಣನವರು ಬಾಗೇವಾಡಿಯಲ್ಲಿ ಜನಿಸಿದರು" ಎಂದು ನಾನು ಹೇಳಿ ಬರೆಸಿದ ವಾಕ್ಯ ಎಂಟನೆಯ ತರಗತಿಯ ಹುಡುಗನೊಬ್ಬನ ಪುಸ್ತಕದಲ್ಲಿ ಹೀಗಿತ್ತು: "ಬಸವಣನವರು ಬಾಗೆವಡಿಯಲಿ ಜನಸಿದರು." ಒತ್ತಕ್ಷರ ಬಿಟ್ಟುಹೋಗಿವೆ, ದೀರ್ಘ ಹೋಗಿದೆ, ಗುಡಿಸು ಒಂದು ಕಾಣೆ. ಅದೇ ಪುಟದಲ್ಲಿ ನಾಲ್ಕು ಸಾಲು ಕೆಳಗೆ ಅದೇ ಊರಿನ ಹೆಸರು ಬೇರೆ ರೀತಿಯಲ್ಲಿ ತಪ್ಪಾಗಿತ್ತು. ಕರಿಹಲಗೆ ನೋಡಿ ಬರೆಯುವಾಗ ಒಂದೊಂದು ಅಕ್ಷರಕ್ಕೂ ತಲೆ ಎತ್ತುತ್ತಿದ್ದ. ಓದು ಎಂದರೆ ಮೊದಲಕ್ಷರ ಹಿಡಿದು ಉಳಿದದ್ದನ್ನು ಊಹಿಸುತ್ತಿದ್ದ. ಆದರೆ ಬಸವಣ್ಣನವರ ಬಗ್ಗೆ ಮಾತಾಡು ಎಂದಾಗ ಅನುಭವ ಮಂಟಪದವರೆಗೆ ತಡೆಯಿಲ್ಲದೆ ಹೇಳಿದ. ಇಂಥ ಮಗುವನ್ನು ದಡ್ಡ ಅನ್ನುವುದು, ಸೋಮಾರಿ ಅನ್ನುವುದು ದೊಡ್ಡ ಅನ್ಯಾಯ. ಕೆಲವರಿಗೆ ಇದೇ ಕಷ್ಟ ಲೆಕ್ಕದಲ್ಲಿ ಇರುತ್ತದೆ: 41 ಹೇಳಿದರೆ 14 ಬರೆಯುತ್ತಾರೆ, ದಶಕ ಕೈಯಲ್ಲಿ ಇಟ್ಟುಕೊಂಡದ್ದು ಮರೆಯುತ್ತಾರೆ.

ಹಾಗಂತ ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆಲ್ಲ ಕಲಿಕಾ ನ್ಯೂನತೆ ಇದೆ ಎಂದಲ್ಲ. ವಿಜಯಪುರದ ತಾಂಡಾಗಳಲ್ಲಿ ಮನೆಯ ಮಾತು ಲಂಬಾಣಿ, ಬೆಳಗಾವಿ ಗಡಿಯಲ್ಲಿ ಮರಾಠಿ. ಕಬ್ಬು ಕಡಿಯಲು ಹೋದ ತಂದೆತಾಯಿಯ ಜೊತೆ ತಿಂಗಳುಗಟ್ಟಲೆ ಶಾಲೆ ಬಿಟ್ಟ ಮಕ್ಕಳಿದ್ದಾರೆ. ಬರೀ ಕನ್ನಡಕ ಬೇಕಾದವರಿದ್ದಾರೆ, ಒಂದು ಕಿವಿ ಮಂದವಾದವರಿದ್ದಾರೆ. ಇವನ್ನೆಲ್ಲ ಬೇರ್ಪಡಿಸಿ ನೋಡಲಿಕ್ಕೇ ಆಸ್ಪತ್ರೆಯಲ್ಲಿ ತಜ್ಞರ ತಪಾಸಣೆ ಇರುವುದು. ಅದಕ್ಕೇ ಮೊದಲು ಕಣ್ಣು, ಕಿವಿ ತೋರಿಸಿ.

ಇನ್ನು ಕಾನೂನು. ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಒಟ್ಟು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಓದಿನ ತೊಡಕಾದ ಡಿಸ್ಲೆಕ್ಸಿಯಾ, ಬರಹದ ತೊಡಕಾದ ಡಿಸ್‌ಗ್ರಾಫಿಯಾ, ಲೆಕ್ಕದ ತೊಡಕಾದ ಡಿಸ್‌ಕ್ಯಾಲ್ಕುಲಿಯಾ ಮುಂತಾದವು, ಅದರಲ್ಲಿ ಸೇರಿದೆ. ಇದನ್ನು ಆದಷ್ಟು ಬೇಗ ಪತ್ತೆ ಮಾಡುವುದು ಶಾಲೆಗಳ ಕರ್ತವ್ಯ ಎಂದು 16ನೆಯ ಕಲಂ ಹೇಳುತ್ತದೆ. ಹೆಚ್ಚುವರಿ ಸಮಯ, ಬರೆಯಲು ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ, ಇವು 17ನೆಯ ಕಲಮಿನಲ್ಲಿವೆ. ಆದ್ದರಿಂದ ಶಾಲೆಗೆ ಹೋದಾಗ ಕೈಮುಗಿದು ಬೇಡಬೇಕಾಗಿಲ್ಲ. ಒಂದು ಹಾಳೆಯಲ್ಲಿ ಬರೆದು ಕೊಡಿ, ಪ್ರತಿಗೆ ಸಹಿ ಹಾಕಿಸಿಕೊಳ್ಳಿ.

ಪ್ರತಿ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ನಾವು ಬಿ.ಆರ್.ಸಿ. ಅನ್ನುತ್ತೇವಲ್ಲ ಅಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರ ಹುದ್ದೆಗಳಿವೆ. ಬಿ.ಐ.ಇ.ಆರ್.ಟಿ. ಎಂದು ಕೇಳಿ. ತಾಲೂಕು ಪಂಚಾಯಿತಿಯ ಎಂ.ಆರ್.ಡಬ್ಲ್ಯೂ., ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಯುಡಿಐಡಿ ಎಂಬ ವೈಕಲ್ಯದ ಪ್ರಮಾಣಪತ್ರ, ಗುರುತಿನ ಚೀಟಿಯ ಅರ್ಜಿಗೆ ದಾರಿ ತೋರಿಸುತ್ತಾರೆ. ಅರ್ಜಿ ಆನ್‌ಲೈನ್, ತಪಾಸಣೆ ಜಿಲ್ಲಾ ಆಸ್ಪತ್ರೆಯಲ್ಲಿ. ನಮ್ಮವರಿಗೆ ಬಾಗಲಕೋಟೆಯ ನವನಗರ, ಅತ್ತ ಬೆಳಗಾವಿಯವರಿಗೆ ಬಿಮ್ಸ್ ಆಸ್ಪತ್ರೆ. ಹೊರಡುವ ಮೊದಲು ಒಂದು ಮಾತು: ಮನಃಶಾಸ್ತ್ರಜ್ಞರು ಯಾವ ದಿನ ಸಿಗುತ್ತಾರೆ ಎಂದು ಫೋನ್ ಮಾಡಿ ಕೇಳಿಕೊಂಡೇ ಬಸ್ ಹತ್ತಿ. ನೇಕಾರಿಕೆಯ ಮನೆಯಲ್ಲಿ ಒಂದು ದಿನ ಮಗ್ಗ ನಿಂತರೆ ಅಂದಿನ ಕೂಲಿ ಹೋದಂತೆ. ಸುಮ್ಮನೆ ಹೋಗಿ ಬರುವಂತಾಗಬಾರದು.

ಅಲ್ಲಿ ಏನು ಮಾಡುತ್ತಾರೆ? ಮಕ್ಕಳ ವೈದ್ಯರು ನೋಡುತ್ತಾರೆ. ಮನಃಶಾಸ್ತ್ರಜ್ಞರು ಬುದ್ಧಿಮತ್ತೆಯ ಪರೀಕ್ಷೆ ಮಾಡುತ್ತಾರೆ. ಅದು ಸಹಜ ಮಟ್ಟದಲ್ಲಿದ್ದೂ ಓದು, ಬರಹ, ಲೆಕ್ಕ ಹಿಂದಿದೆಯೇ ಎಂದು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಮಾಲೆಯಿಂದ ಅಳೆಯುತ್ತಾರೆ. ಸೂಜಿ ಇಲ್ಲ, ಔಷಧ ಇಲ್ಲ. ಮಗುವಿಗೆ ಇದನ್ನು ಮೊದಲೇ ಹೇಳಿ. ಒಂದೇ ಸಲಕ್ಕೆ ಮುಗಿಯದೆಯೂ ಇರಬಹುದು. ಹಳೆಯ ನೋಟ್‌ಬುಕ್ಕು, ಉತ್ತರ ಪತ್ರಿಕೆ, ಶಾಲೆಯ ಪತ್ರ ಜೊತೆಗಿರಲಿ. ಮಗು ಎಷ್ಟು ವಯಸ್ಸಿಗೆ ಮಾತಾಡಿತು, ಫಿಟ್ಸ್ ಬಂದಿತ್ತೇ ಎಂದು ಕೇಳುತ್ತಾರೆ. ಅದಕ್ಕೆ ತಾಯಿ ಹೋಗುವುದು ಒಳ್ಳೆಯದು.

ಕೇಂದ್ರದ ಮಾರ್ಗಸೂಚಿಯಂತೆ ಮೂರನೆಯ ತರಗತಿಯಲ್ಲಿ ಅಥವಾ ಎಂಟು ವರ್ಷಕ್ಕೆ ಶಾಲೆಯಲ್ಲೇ ಪ್ರಾಥಮಿಕ ತಪಾಸಣೆ. ಪ್ರಮಾಣಪತ್ರ ಸಿಗುವುದು ಎಂಟರ ನಂತರ, ಮರುತಪಾಸಣೆ 14ಕ್ಕೆ ಮತ್ತು 18ಕ್ಕೆ. ಹದಿನಾಲ್ಕು ಅಂದರೆ ಸರಿಯಾಗಿ ಒಂಬತ್ತನೆಯ ತರಗತಿಯ ಆಸುಪಾಸು. ಆ ವರ್ಷ ಮೈಮರೆತರೆ ಹತ್ತನೆಯ ತರಗತಿಯಲ್ಲಿ ಕೈಯಲ್ಲಿರುವುದು ಹಳೆಯ ಕಾಗದ.

ಪರೀಕ್ಷೆಯ ಸೌಲಭ್ಯದ ಮಾತಿಗೆ ಬರೋಣ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಎಷ್ಟೋ ಮಕ್ಕಳಿಗೆ ಇಷ್ಟೇ ಸಾಕು. ವಿನಾಯಿತಿ ಇದೆ ಎಂದು ವಿಷಯ ಬಿಡಿಸುವ ಅವಸರ ಬೇಡ. ಮುಂದೆ ಮಗು ಏನು ಓದಬೇಕೆಂದಿದೆ ಎಂಬುದನ್ನು ಕೇಳಿ, ಶಿಕ್ಷಕರ ಜೊತೆ ಕೂತು ನಿರ್ಧರಿಸಿ. ಬರೆಯುವ ಸಹಾಯಕರು ಕೆಳಗಿನ ತರಗತಿಯವರಾಗಿರುತ್ತಾರೆ. ಬೇರೆಯವರಿಗೆ ಹೇಳಿ ಬರೆಸುವುದು ಸಹಜವಾಗಿ ಬರುವುದಿಲ್ಲ. ಪೂರ್ಣವಿರಾಮ ಎಲ್ಲಿ, ಚಿತ್ರ ಹೇಗೆ, ಸಮೀಕರಣ ಹೇಗೆ, ಎಲ್ಲ ಬಾಯಿಂದ ಹೇಳಬೇಕು. ಕಿರುಪರೀಕ್ಷೆಗಳಲ್ಲೇ ಅಭ್ಯಾಸ ಆಗಲಿ.

"ಹುಡುಗಿಗೆ ಅಂಗವಿಕಲ ಅಂತ ಕಾಗದ ಮಾಡಿಸಿದ್ರ ನಾಳೆ ಲಗ್ನಕ್ಕ ಅಡ್ಡಿ ಆಗೂದಿಲ್ಲೇನ್ರಿ" ಎಂದು ಕೇಳಿದವರಿದ್ದಾರೆ. ಆ ಭಯ ನನಗೆ ಅರ್ಥವಾಗುತ್ತದೆ. ಆ ಕಾಗದ ನಿಮ್ಮ ಟ್ರಂಕಿನಲ್ಲಿರುತ್ತದೆ, ಬೇಕಾದಲ್ಲಿ ಮಾತ್ರ ತೋರಿಸುತ್ತೀರಿ. ಹತ್ತನೆಯ ತರಗತಿ ಫೇಲಾಗಿ ಹದಿನಾರಕ್ಕೆ ಓದು ನಿಂತ ಹುಡುಗಿಯರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಅಡ್ಡಿ ಇದಕ್ಕಿಂತ ದೊಡ್ಡದು.

ಕಾಗದ ಇದ್ದರೂ ಕೊನೆಯ ಗಳಿಗೆಯಲ್ಲಿ ಎಡವಟ್ಟಾಗಬಹುದು. ಡಿಸ್‌ಗ್ರಾಫಿಯಾ ಇದ್ದ ವಿದ್ಯಾರ್ಥಿನಿಯೊಬ್ಬಳಿಗೆ ನೀಟ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಡದೆ ಉತ್ತರ ಪತ್ರಿಕೆ ತೆಗೆದುಕೊಂಡರು. 2021ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪು ಎಂದಿತು. ಆದರೂ ಮರುಪರೀಕ್ಷೆ ಆಗಲಿಲ್ಲ. ಹಾಗಾಗಿ ಎಸ್ಸೆಸ್ಸೆಲ್ಸಿ ನೋಂದಣಿಯನ್ನು ಶಾಲೆಯವರು ತುಂಬುವಾಗಲೇ ಸೌಲಭ್ಯದ ವಿವರ ಸೇರಿದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಪರೀಕ್ಷಾ ಮಂಡಳಿಯ ಆದೇಶದ ಪ್ರತಿ ಇಟ್ಟುಕೊಳ್ಳಿ. ಪರೀಕ್ಷೆಯ ಮುನ್ನಾದಿನ ಕೇಂದ್ರದ ಮುಖ್ಯ ಅಧೀಕ್ಷಕರನ್ನು ಕಂಡು, ಮಗು ಯಾವ ಕೊಠಡಿಯಲ್ಲಿ ಕೂರುತ್ತದೆ, ಎಷ್ಟು ಗಂಟೆಯವರೆಗೆ ಬರೆಯುತ್ತದೆ ಎಂದು ಕೇಳಿ ತಿಳಿದುಕೊಂಡು ಬನ್ನಿ.

ನಮಸ್ಕಾರ.